ಕಕ್ಕಿಯ ಉಪ್ಪಿನಕಾಯಿ ಮತ್ತು ವೈನ್ಸ್ ಡಬ್ಬಿ

ಮೊನ್ನೆ ಮಧ್ಯಾಹ್ನ ಫೋನು ನೋಡುತ್ತ ಕೂತಿದ್ದಾಗ ಒಂದು ವಿಡಿಯೊ ಸಿಕ್ಕಿತು. ಸಣ್ಣ ವ್ಯಾಪಾರದವರು ಹಳೆಯ ರಟ್ಟಿನ ಡಬ್ಬಿಗಳನ್ನು ಹೇಗೆಲ್ಲ ಮತ್ತೆ ಬಳಸಬಹುದೆಂದು ಒಬ್ಬ ಹುಡುಗಿ ನಗುನಗುತ್ತ ಹೇಳಿಕೊಡುತ್ತಿದ್ದಳು. ಡಬ್ಬಿ ಬಿಚ್ಚಿ, ಒಳಮಗ್ಗುಲನ್ನು ಹೊರಗೆ ಮಾಡಿ ಅಂಟಿಸಿದರೆ ಹೊಸದರಂತೆ ಕಾಣುತ್ತದಂತೆ. ನನಗೆ ಮೈಯೆಲ್ಲ ಉರಿಯಿತು. ಆ ಹುಡುಗಿಯ ಮೇಲಲ್ಲ ಬಿಡಿ, ಪಾಪ, ಅವಳೇನು ಮಾಡಿದಳು. ನನ್ನ ಸಿಟ್ಟು ಹಳೆಯದು.

ಈ ಕೆಲಸವನ್ನು ನನ್ನ ಕಕ್ಕಿ, ಎಂದರೆ ಕಾಕನ ಹೆಂಡತಿ, ಜಹೀರಾಬಾದಿನ ತನ್ನ ಪಡಸಾಲೆಯಲ್ಲಿ ಎಷ್ಟೋ ವರ್ಷದಿಂದ ಮಾಡುತ್ತಿದ್ದಳು. ಮಾವಿನ ಉಪ್ಪಿನಕಾಯಿ, ಶೇಂಗಾ ಹಿಂಡಿ, ಪುಂಡಿಪಲ್ಯೆಯ ಚಟ್ನಿ ಅವಳ ವ್ಯಾಪಾರ. ಕಾಕ ತೀರಿಕೊಂಡ ಮೇಲೆ ಮನೆ ನಡೆದದ್ದು ಅದರಿಂದಲೇ. ಅವಳ ಕೈಗೆ ಸಿಕ್ಕ ಡಬ್ಬಿ ರದ್ದಿಗೆ ಹೋಗುತ್ತಿರಲಿಲ್ಲ. ಬಿಸ್ಕೀಟಿನ ಡಬ್ಬಿ ಗಲ್ಲಾಪೆಟ್ಟಿಗೆಯಾಗುತ್ತಿತ್ತು. ಫ್ರಿಜ್ಜಿನ ಡಬ್ಬಿಯನ್ನು ಬಿಚ್ಚಿ ಹಾಸಿ, ಅದರ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆವು. ಸೋಪಿನ ಡಬ್ಬಿ ಮಾತ್ರ ಬೆಕ್ಕಿಗೆ, ಏಕೆಂದರೆ ಆ ವಾಸನೆ ಉಪ್ಪಿನಕಾಯಿಯ ಹತ್ತಿರ ಸುಳಿಯಬಾರದು. ನಾನೂ ಸಹಾಯಕ್ಕೆ ಕೂರುತ್ತಿದ್ದೆ. ಒಂದು ಸಲ ರಟ್ಟಿನ ಜೊತೆಗೆ ನನ್ನ ಓಢಣಿಯನ್ನೂ ಕತ್ತರಿಸಿಕೊಂಡ ಮೇಲೆ ಕತ್ತರಿ ನನ್ನ ಕೈಗೆ ಸಿಗುವುದು ಅಪರೂಪವಾಯಿತು.

ಗಾಜಿನ ಬಾಟಲಿಗಳು ಬಸ್ಸಿನಲ್ಲಿ ನಾರಾಯಣಖೇಡ, ತಾಂಡೂರು ಮುಟ್ಟುವ ಹೊತ್ತಿಗೆ ಒಂದೆರಡಾದರೂ ಒಡೆದಿರುತ್ತಿದ್ದವು. ಕೊನೆಗೆ ವೈನ್ಸ್ ಅಂಗಡಿಯ, ಎಂದರೆ ಮದ್ಯದಂಗಡಿಯ, ಡಬ್ಬಿ ಕಕ್ಕಿಯ ಕಣ್ಣಿಗೆ ಬಿತ್ತು. ದಪ್ಪ ರಟ್ಟು, ಒಳಗೆ ಬಾಟಲಿಗೊಂದು ಖಾನೆ. ಜನ ಏನನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೇ? ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ದಿನಾ ಲಿಂಗಪೂಜೆ ಮಾಡದೆ ಸೌಟು ಮುಟ್ಟದವಳು ಅವಳು. ಅದಕ್ಕೇ ಡಬ್ಬಿಯನ್ನು ಬಿಚ್ಚಿ, ಚಿತ್ರ ಒಳಗಾಗುವಂತೆ ತಿರುವಿ ಅಂಟಿಸುತ್ತಿದ್ದಳು. ಆಮೇಲೆ ಒಂದು ಬಾಟಲಿಯೂ ಒಡೆಯಲಿಲ್ಲ.

ನಾರಾಯಣಖೇಡದ ಒಂದು ದೊಡ್ಡ ಮನೆಯಲ್ಲಿ ಗೃಹಪ್ರವೇಶವಿತ್ತು. ಊಟಕ್ಕೆಲ್ಲ ಕಕ್ಕಿಯ ಉಪ್ಪಿನಕಾಯಿಯೇ ಬೇಕೆಂದು ಹೇಳಿ ಕಳಿಸಿದ್ದರು. ನಾವಿಬ್ಬರೇ ಒಯ್ದೆವು. ಹೊಸ್ತಿಲ ಬಳಿ ಇಳಿಸುವಾಗ ಒಂದು ಡಬ್ಬಿಯ ಮೇಲಿನ ಮಡಿಕೆ ಬಿಚ್ಚಿಕೊಂಡು, ಒಳಗಿನ ಬಣ್ಣದ ಚಿತ್ರದ ಒಂದು ಮೂಲೆ ಕಂಡಿತು. ಅಕ್ಷರ ಕೂಡ ಪೂರ್ತಿ ಇರಲಿಲ್ಲ. ಮನೆಯ ಮಾಲಕರು, ಹಣೆತುಂಬ ವಿಭೂತಿ, ಬಗ್ಗಿ ನೋಡಿದವರೇ ಅದು ಯಾವ ಬ್ರಾಂಡು ಎಂದು ಹೇಳಿಬಿಟ್ಟರು. ಫುಲ್ ಬಾಟಲಿಯ ಡಬ್ಬಿ ಎಂಬುದನ್ನೂ ಹೇಳಿದರು. ಮೂಲೆ ನೋಡಿ ಇಷ್ಟೆಲ್ಲ ಹೇಗೆ ತಿಳಿಯಿತು ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ.

"ಇದು ಲಿಂಗಪೂಜಿ ನಡಿಯೋ ಮನಿ ಅದ. ಶೆರಿ ಡಬ್ಬಿ ಹೊಸ್ತಿಲ ದಾಟಬಾರದು," ಅಂದರು.

ಬಾಟಲಿಗಳು ಹೊಸವು, ಡಬ್ಬಿಯಷ್ಟೇ ಹಳೆಯದು ಎಂದು ಕಕ್ಕಿ ಹೇಳಿಕೊಂಡಳು. ಅವರು ಅವಳ ಮುಖ ನೋಡದೆ ಸುತ್ತ ನೆರೆದವರ ಮುಖ ನೋಡಿದರು. ನೆರೆದವರು ತಲೆಯಾಡಿಸಿದರು. ಆ ತಲೆಗಳನ್ನು ನೆನೆದರೆ ಈಗಲೂ ನನ್ನ ಹಲ್ಲು ಕಟಕಟ ಅನ್ನುತ್ತದೆ. ಅವರಲ್ಲಿ ಅರ್ಧದಷ್ಟು ಜನ ಕಕ್ಕಿಯ ಉಪ್ಪಿನಕಾಯಿ ಚಪ್ಪರಿಸಿದವರೇ. ಡಬ್ಬಿಗಳನ್ನು ಮತ್ತೆ ಹೊತ್ತುಕೊಂಡು ಬಸ್ ಹತ್ತಿದೆವು. ಕಕ್ಕಿ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ನನ್ನ ಕೊಳ್ಳಾಗ ಏನದ ಅಂತ ಒಬ್ರೂ ನೋಡ್ಲಿಲ್ಲ ನೋಡು."

ಸುದ್ದಿ ತಾಂಡೂರಿನವರೆಗೂ ಹಬ್ಬಿತು. ಶೆರೆ ಡಬ್ಬಿಯ ಉಪ್ಪಿನಕಾಯಿ ಎಂದು ಹೆಸರೇ ಬಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಕಕ್ಕಿ ಹೊಸ ಬಿಳಿ ಡಬ್ಬಿ ಕೊಂಡಳು. ಅವಕ್ಕೆ ಖಾನೆ ಇರಲಿಲ್ಲ, ಬಾಟಲಿ ಒಡೆದು ಎಣ್ಣೆ ಬೇರೆಯವರ ಗಂಟಿಗೆ ಹರಿದು ಕಂಡಕ್ಟರನ ಬೈಗುಳ ತಿಂದದ್ದೂ ಆಯಿತು. ವ್ಯಾಪಾರ ಮುಚ್ಚುವುದೊಂದು ಬಾಕಿಯಿತ್ತು. ನಾನು ನಾರಾಯಣಖೇಡಕ್ಕೆ ಹೋಗಿ ಬೀದಿಯಲ್ಲಿ ನಿಂತು ಆ ಮನುಷ್ಯನ ಮಾನ ಕಳೆಯುತ್ತೇನೆ ಎಂದು ಹಾರಾಡಿದೆ. ಕಕ್ಕಿ ಬಿಡಲಿಲ್ಲ. ಕೊಡಂಗಲ್ಲಿನ ಎರಡು ಅಂಗಡಿಯವರು ಡಬ್ಬಿ ನೋಡದೆ ರುಚಿ ನೋಡಿ ತೆಗೆದುಕೊಂಡದ್ದರಿಂದ ಅವಳು ಹೇಗೋ ಉಳಿದುಕೊಂಡಳು, ಮತ್ತೆ ವೈನ್ಸ್ ಡಬ್ಬಿಯನ್ನೇ ತಿರುವಿ ಅಂಟಿಸತೊಡಗಿದಳು.

ಹೋದ ವಾರ ನಾರಾಯಣಖೇಡದ ಅದೇ ಮನೆಯೊಡತಿಯ ಫೋನು ಬಂತು. ಮಗಳ ನಿಶ್ಚಯವಂತೆ, ಮಾಲಕರಿಗೆ ಬೇರೆ ಯಾರ ಉಪ್ಪಿನಕಾಯಿಯೂ ಸೇರುವುದಿಲ್ಲವಂತೆ. ಬೇಡ ಎಂದು ನಾನು ಕೈಯಾಡಿಸುತ್ತಲೇ ಇದ್ದೆ.

ಕಕ್ಕಿ ದನಿ ಏರಿಸಲಿಲ್ಲ. "ಕೊಡ್ತೀನ್ರಿ. ಡಬ್ಬಿ ಅದೇ ಇರ್ತದ, ಈ ಸಲ ಚಿತ್ರ ಹೊರಗ ಇರ್ತದ. ಮಾಲಕ್ರೇ ಬಂದು ಹೊತ್ಕೊಂಡು ಒಳಗ ಒಯ್ಯಬೇಕು."

ಒಡತಿ ಫೋನು ಹಿಡಿದೇ ಒಳಗೆ ಹೋಗಿ ಮಾಲಕರನ್ನು ಕೇಳಿದರು. ಆಮೇಲೆ ಆಗಲಿ ಅಂದರು.

ನಿನ್ನೆ ಹೋಗಿದ್ದೆವು. ನೆಂಟರೆಲ್ಲ ನೋಡುತ್ತಿರುವಾಗ ಮಾಲಕರು ಡಬ್ಬಿಯನ್ನು ಎದೆಗವಚಿಕೊಂಡು ಎತ್ತಿದರು. ಏನಾದರೂ ಅನ್ನಲೇಬೇಕಲ್ಲ, ಬಹಳ ಭಾರ ಅದ ಅಂದರು.

"ಅವತ್ತೂ ಇಷ್ಟೇ ಭಾರ ಇತ್ರಿ," ಅಂದಳು ಕಕ್ಕಿ.

ನನ್ನ ಸಿಟ್ಟು ಆರಿತು ಎಂದುಕೊಳ್ಳಬೇಡಿ. ಆರಿಲ್ಲ, ಆರುವುದೂ ಬೇಡ. ಇವತ್ತು ಬೆಳಗ್ಗೆ ತಾಂಡೂರಿನಲ್ಲಿ ಉಳಿದಿದ್ದ ಒಂದಿಬ್ಬರು ಗಿರಾಕಿಗಳಿಗೆ ಹೋಗುವ ವೈನ್ಸ್ ಡಬ್ಬಿಯನ್ನು ತಿರುವಲೆಂದು ಹಳೆಯ ಅಭ್ಯಾಸದಂತೆ ಬಿಚ್ಚಲು ಹೊರಟೆ. "ಬ್ಯಾಡ, ಹಂಗೇ ಕಟ್ಟು," ಅಂದಳು ಕಕ್ಕಿ. ಹಾಗೆಯೇ ಕಟ್ಟಿದೆ, ಚಿತ್ರದ ಮೇಲೆ ಹಗ್ಗ ಬಾರದ ಹಾಗೆ.