ಕೊನೆಯ ಗುಟುಕು ಅವರದು

ಪಾಸ್ಟರ್ ದೇವಪುತ್ರಪ್ಪನವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಗಂಟಲು. ರೊಟ್ಟಿ, ದ್ರಾಕ್ಷಿರಸ ಹಂಚುವ ಕರ್ತನ ಭೋಜನದ ಭಾನುವಾರ ಸಭೆಯವರೆಲ್ಲ ಒಂದೇ ಪಾತ್ರೆಗೆ ಬಾಯಿ ಹಚ್ಚಿ ಎದ್ದುಹೋದ ಮೇಲೆ, ಉಳಿದ ದ್ರಾಕ್ಷಿರಸವನ್ನು ಅವರು ಜನರ ಕಡೆ ಮುಖ ಮಾಡಿ ನಿಂತು, ತಲೆ ಹಿಂದಕ್ಕೆ ವಾಲಿಸಿ, ಒಂದು ಹನಿ ಬಿಡದೆ ಕುಡಿಯುತ್ತಿದ್ದರು. ಹಾರ್ಮೋನಿಯಂ ಮುಂದೆ ಕೂತ ನನಗೆ ಅವರ ಗಂಟಲ ಗೆಣ್ಣು ಮೇಲೆ ಕೆಳಗೆ ಆಡುವುದು ಚೆನ್ನಾಗಿ ಕಾಣುತ್ತಿತ್ತು. ಆ ರಸದಲ್ಲಿ ರೊಟ್ಟಿಯ ಚೂರು ತೇಲುತ್ತಿತ್ತು, ಎಲೆ-ಅಡಿಕೆ ಜಗಿದ ಬಾಯಿಗಳ ವಾಸನೆಯೂ ಇರುತ್ತಿತ್ತು. ಚೆಲ್ಲುವಂತಿಲ್ಲವೆಂದು ಬೇರೆ ಪಾಸ್ಟರುಗಳು ಗೋಡೆ ಕಡೆ ತಿರುಗಿ ಮುಗಿಸುವ ಕೆಲಸ ಅದು. ಇವರು ಬೇಸಿಗೆಯಲ್ಲಿ ಮಜ್ಜಿಗೆ ಸಿಕ್ಕವರ ಹಾಗೆ ಕುಡಿದು, ಬಿಳಿ ಬಟ್ಟೆಯಿಂದ ಮೀಸೆ ಒರೆಸಿಕೊಂಡು, ಪಾತ್ರೆಯನ್ನು ಬೋರಲು ಹಾಕುತ್ತಿದ್ದರು.

ನಾನೊಮ್ಮೆ ಕೇಳಿದ್ದೆ, "ಹೇಸಿಗಿ ಬರಂಗಿಲ್ಲೇನ್ರಿ ಪಾಸ್ಟರ್ರಿ?"

"ಸಭಿ ಎಂಜಲ ಕುಡದವಗ ಮಾತ್ರ ಸಭಿ ಮುಂದ ನಿಂತು ಬೈಯೋ ಅಧಿಕಾರ ಅದ ಯವ್ವಾ," ಎಂದರು. ಆ ಅಧಿಕಾರವನ್ನು ಅವರು ಧಾರಾಳವಾಗಿಯೇ ಚಲಾಯಿಸುತ್ತಿದ್ದರು. ಪ್ರಸಂಗದ ನಡುವೆ ತೂಕಡಿಸಿದವರನ್ನು ಹೆಸರು ಹಿಡಿದು ಎಬ್ಬಿಸುತ್ತಿದ್ದರು. ಆರು ದಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ದಣಿದು ಬರುವ ನನ್ನನ್ನೂ ಬಿಟ್ಟವರಲ್ಲ.

ಅವರು ದೇವದುರ್ಗದ ಕಡೆಯವರು, ಕೂಲಿ ಮಾಡಿದ ತಾಯಿಯ ಮಗ. ರಾಯಚೂರಿನ ನಮ್ಮ ಚರ್ಚಿಗೆ ಬಂದಾಗ ಕಮಿಟಿಯವರಿಗೆ ಅವರ ಒರಟು ಮಾತು ಹಿಡಿಸಲಿಲ್ಲ. ನಮ್ಮಲ್ಲಿ ಬಹುಪಾಲು ಶಾಲೆಯ ಮಾಸ್ತರರು, ಆಫೀಸಿನವರು; ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದ ಮಾತು. ಕಮಿಟಿಯ ಸೆಕ್ರೆಟರಿ ನನ್ನ ಸೋದರಮಾವ ಜಯಶೀಲಪ್ಪ. ಮಾವ ಕೆಟ್ಟವನಲ್ಲ. ಆದರೆ ತಾನು ದೊಡ್ಡ ಮನುಷ್ಯ ಎಂಬುದನ್ನು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದಾಗಲೂ ಮರೆಯುತ್ತಿರಲಿಲ್ಲ.

ಈ ಇಸ್ತ್ರಿಯ ನಡುವೆ ರಾಹೇಲವ್ವ ಇದ್ದಳು. ಮಾರ್ಕೆಟ್ ರೋಡಿನ ಕಸ ಗುಡಿಸುವ ಕೆಲಸ ಅವಳದು. ಭಾನುವಾರವೂ ಬೆಳಗಿನ ಪಾಳಿ ಮುಗಿಸಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಬಿಳಿ ಸೀರೆ ಉಟ್ಟು ಬರುತ್ತಿದ್ದಳು. ಕೂರುವುದು ಹಿಂದಿನ ಬೆಂಚು. ಭೋಜನಕ್ಕೆ ಮುಂದೆ ಬರುವುದು ಎಲ್ಲರೂ ಆದ ಮೇಲೆ. ಅವಳ ನಂತರ ಆ ಪಾತ್ರೆಗೆ ಬಾಯಿ ಹಚ್ಚುವವರು ಪಾಸ್ಟರ್ ಒಬ್ಬರೇ. ಅದು ಅವಳ ವಿನಯ ಎಂದು ನಾವೆಲ್ಲ ತಿಳಿದಿದ್ದೆವು. ಹಾಗೆ ತಿಳಿಯುವುದು ಅನುಕೂಲವೂ ಆಗಿತ್ತು.

ಕೊರೊನಾ ಬಂದಾಗ ಒಂದೇ ಪಾತ್ರೆಯನ್ನು ಕಪಾಟಿಗೆ ಸೇರಿಸಿದವರು ಸ್ವತಃ ಪಾಸ್ಟರೇ. "ರೋಗದ ಮುಂದ ನಂದೇನೂ ನಡ್ಯಂಗಿಲ್ಲ" ಎಂದು ತಾವೇ ಸಣ್ಣ ಪ್ಲಾಸ್ಟಿಕ್ ಕಪ್ಪುಗಳನ್ನು ತರಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ರೋಗ ಹೋಯಿತು. ಮಾಸ್ಕು ಹೋದವು. ಮದುವೆಗಳಲ್ಲಿ ಭುಜಕ್ಕೆ ಭುಜ ತಾಗಿಸಿ ಬಿರಿಯಾನಿ ಉಣ್ಣುವುದು ಮತ್ತೆ ಶುರುವಾಯಿತು. ಸಣ್ಣ ಕಪ್ಪು ಮಾತ್ರ ಹೋಗಲೊಲ್ಲದು. ಹಳೆಯ ಪಾತ್ರೆ ತೆಗೆಯೋಣ ಎಂದು ಪಾಸ್ಟರು ಕಮಿಟಿಯಲ್ಲಿ ಹೇಳಿದಾಗ ಮಾವ ಎದ್ದು ನಿಂತ. ಹಾಡಿನ ಗುಂಪಿನ ಪರವಾಗಿ ನಾನೂ ಅಲ್ಲಿದ್ದೆ.

"ಆರೋಗ್ಯದ ಪ್ರಶ್ನಿ ಅದ್ರಿ ಪಾಸ್ಟರ್ರಿ. ಯಾರು ಏನೇನು ಮುಟ್ಟಿ ಬರ್ತಾರ, ನಮಗೇನು ಗೊತ್ತು."

"ಯಾರು, ಹೆಸರು ಹೇಳ್ರಿ ಜಯಶೀಲಪ್ಪ."

"ಹೆಸರು ಯಾಕ್ರಿ. ಎಲ್ಲಾರಿಗೂ ಗೊತ್ತದ."

ಪಾಸ್ಟರು ಮಾವನ ಕಡೆ ಪೂರ್ತಿ ತಿರುಗಿದರು. "ಕಲ್ಮಲದ ರೈಸ್ ಮಿಲ್ ಸಾಹುಕಾರ್ರ ಕೂಡ ಒಂದೇ ಚಾ ಹಂಚ್ಕೊಂಡು ಕುಡೀತೀರಿ, ನಾ ನೋಡೀನಿ. ಅಲ್ಲಿ ನಿಮಗ ಆರೋಗ್ಯ ನೆನಪಾಗಂಗಿಲ್ಲ. ನಿಮ್ಮಜ್ಜ, ರಾಹೇಲವ್ವನ ಅಜ್ಜ, ಇಬ್ಬರೂ ಗುಂಜಹಳ್ಳಿ ಒಂದೇ ಕೇರಿಯವ್ರು. ಊರ ಬಾವಿ ಮುಟ್ಟಾಕ ಬಿಡಲಿಲ್ಲಂತ ಇಬ್ಬರೂ ಕೂಡೇ ಬಂದು ಈ ಪಾತ್ರಿಗಿ ಬಾಯಿ ಹಚ್ಚಿದ್ರು. ಈಗ ನೀವು ಅಕಿಗೆ ಬ್ಯಾರೆ ಬಾವಿ ತೋಡಾಕತ್ತೀರಿ."

ಮಾವನ ಮುಖ ಕಪ್ಪಿಟ್ಟಿತು. "ಇದು ನಿಮ್ಮ ನೌಕರಿಗಿ ಚಲೋ ಅಲ್ರಿ," ಎಂದ.

"ನೌಕರಿ ನಿಮ್ಮ ಕೈಯಾಗ ಅದ. ಪಾತ್ರಿ ನನ್ನ ಕೈಯಾಗ ಅದ," ಎಂದು ಪಾಸ್ಟರು ಪ್ರಾರ್ಥನೆ ಮಾಡಿ ಸಭೆ ಮುಗಿಸಿಬಿಟ್ಟರು.

ಮುಂದಿನ ಭೋಜನದ ಭಾನುವಾರ ಪಾತ್ರೆ ಹೊರಗೆ ಬಂತು, ತಿಕ್ಕಿ ತೊಳೆದು ಫಳಫಳ ಹೊಳೆಯುತ್ತಿತ್ತು. ಮೊದಲ ಸಾಲಿನವರು ಪಾಸ್ಟರ ಮುಂದಿನ ಕಟಕಟೆಯ ಹತ್ತಿರ ಮೊಣಕಾಲೂರಿದರು, ಮಾವ ಎಂದಿನಂತೆ ಎಲ್ಲರಿಗಿಂತ ಮುಂದೆ. ಪಾಸ್ಟರು ಮಾತ್ರ ಪಾತ್ರೆ ಹಿಡಿದು ಹಿಂದಿನ ಬೆಂಚಿನ ಕಡೆ ನೋಡಿದರು.

"ರಾಹೇಲವ್ವ, ಮುಂದ ಬಾ."

"ನಾ ಕಡೀಕ ಬರ್ತೀನ್ರಿ," ಎಂದಳು ಅವಳು ಕೂತಲ್ಲಿಂದಲೇ.

"ಕಡೀ ಪಾಳಿ ನಂದದ. ಅದನ್ನ ಕಸ್ಕೋಬ್ಯಾಡ ಯವ್ವಾ, ಬಾ."

ಅವಳು ಸೆರಗು ಸರಿಮಾಡಿಕೊಂಡು ಬಂದಳು, ಮಾವನ ಪಕ್ಕ ಮೊಣಕಾಲೂರಿ ಕುಡಿದಳು. ಪಾಸ್ಟರು ಅಂಚು ಒರೆಸಿ, ಪಾತ್ರೆ ತಿರುಗಿಸಿ, ಮಾವನ ಬಾಯಿಯ ಮುಂದೆ ಹಿಡಿದರು. ಮಾವ ತುಟಿ ಬಿಗಿದ. ಪಾಸ್ಟರು ಪಾತ್ರೆ ಸರಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಮಾವನೇ ಎದ್ದು ಬಾಗಿಲ ಕಡೆ ನಡೆದ, ಅವನ ಹಿಂದೆ ಎಷ್ಟೋ ಮನೆಯವರು ನಡೆದರು. ನಾನು ಹಾರ್ಮೋನಿಯಂ ಬಿಟ್ಟು ಬಂದು ಮಾವ ಬಿಟ್ಟ ಜಾಗದಲ್ಲಿ ಮೊಣಕಾಲೂರಿದೆ. ಅವತ್ತು ಪಾತ್ರೆಯಲ್ಲಿ ರಸ ಬಹಳ ಉಳಿದಿತ್ತು. ಅವರು ತೆರೆದ ಬಾಗಿಲಿಗೆ ಎದುರಾಗಿ ನಿಂತು ಅಷ್ಟನ್ನೂ ಕುಡಿದರು.

ದೂರು ಮೇಲಿನವರಿಗೆ ಹೋಯಿತು. ಪಾಸ್ಟರಿಗೆ ಮಾನ್ವಿ ತಾಲ್ಲೂಕಿನ ಬಾಗಲವಾಡಕ್ಕೆ ವರ್ಗವಾಯಿತು. ಅಲ್ಲಿ ಚರ್ಚು ಎಂದರೆ ಒಂದು ತಗಡಿನ ಶೆಡ್ಡು. ಸಾಮಾನು ಕಟ್ಟುವಾಗ ನಾನು ಅಳುತ್ತಿದ್ದೆ, ಅವರು ಸೀಟಿ ಹಾಕುತ್ತ ಹಗ್ಗ ಬಿಗಿಯುತ್ತಿದ್ದರು. "ಪಾತ್ರಿ ಸಭಿದು, ಇಲ್ಲೇ ಇರ್ಲಿ. ಅದನ್ನ ಕಪಾಟಿನಾಗ ಇಟ್ಟು ಪೂಜಿ ಮಾಡಬ್ಯಾಡ್ರಿ. ಕುಡೀರಿ," ಎಂದರು. ಹೊಸದಾಗಿ ಬಂದ ಹುಡುಗ ಪಾಸ್ಟರ್ ಒಳ್ಳೆಯವನು, ಅಂಜುಬುರುಕ. ಪಾತ್ರೆ ಕಪಾಟಿಗೆ ಮರಳಿತು, ಸಣ್ಣ ಕಪ್ಪು ತಟ್ಟೆಗೆ, ಮಾವ ಮುಂದಿನ ಬೆಂಚಿಗೆ. ರಾಹೇಲವ್ವ ಹಿಂದಿನ ಬೆಂಚಿಗೆ ಹೋದಳು.

ಆಮೇಲೆ ಪಾಸ್ಟರಿಗೆ ಟಿಬಿ ಎಂಬ ಸುದ್ದಿ ಬಂತು. "ಎಲ್ಲಾರ ಎಂಜಲ ಕುಡದದ್ದಕ್ಕ ಬಂದದ್ದು" ಎಂದ ಮಾವ. ಅದು ಗಾಳಿಯಿಂದ ಹರಡುವ ರೋಗ, ಪಾತ್ರೆಯಿಂದಲ್ಲ ಎಂದು ನರ್ಸಾದ ನಾನು ಅವನ ಮನೆಯ ಪಡಸಾಲೆಯಲ್ಲೇ ನಿಂತು ಹೇಳಿದೆ. ದನಿ ಏರಿತ್ತು, ಏರಲಿ ಎಂದೇ ಬಿಟ್ಟೆ.

ಮುಂದಿನ ಭಾನುವಾರ ರಾಹೇಲವ್ವನನ್ನು ಕರೆದುಕೊಂಡು ಬಾಗಲವಾಡಕ್ಕೆ ಹೋದೆ. ಪಾಸ್ಟರು ಶೆಡ್ಡಿನ ಹೊರಗೆ, ಬಾಗಿಲಿಗೆ ದೂರದಲ್ಲಿ, ಮಾಸ್ಕು ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಅಷ್ಟು ದೊಡ್ಡ ಮೈ ಅಂಗಿಯೊಳಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಳಗೆ ಸಭೆಯ ಹಿರಿಯಳೊಬ್ಬಳು ಸ್ಟೀಲ್ ಲೋಟದಲ್ಲಿ ಎಲ್ಲರಿಗೂ ಭೋಜನ ಕೊಡುತ್ತಿದ್ದಳು. ಇವರ ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕಪ್ಪಿತ್ತು.

"ಕಡೀಗೂ ಸಣ್ಣ ಕಪ್ಪು ಹಿಡದ್ರಲ್ರಿ," ಎಂದೆ. ನಗಿಸಬೇಕೆಂದು ಅಂದದ್ದು.

"ಡಾಕ್ಟರು ಮಂದ್ಯಾಗ ಮಾಸ್ಕು ತೆಗೀಬ್ಯಾಡ ಅಂದಾರ, ತೆಗ್ಯಂಗಿಲ್ಲ. ರೋಗಕ್ಕ ಬ್ಯಾರೆ ಕಪ್ಪು ನಾ ಯಾವತ್ತೂ ಬ್ಯಾಡ ಅಂದಿಲ್ಲ. ಮನುಷ್ಯಾರಿಗಿ ಬ್ಯಾರೆ ಕಪ್ಪು ಬ್ಯಾಡ ಅಂದೆ." ಕೆಮ್ಮು ನಿಂತ ಮೇಲೆ ರಾಹೇಲವ್ವನ ಕಡೆ ತಿರುಗಿದರು. "ನನ್ನ ಕಡೀ ಪಾಳಿ ಇವತ್ತು ನೀ ಮಾಡು."

ಅವಳು ಒಳಗೆ ಹೋಗಿ, ಎಲ್ಲರೂ ಆದ ಮೇಲೆ ಲೋಟ ತೆಗೆದುಕೊಂಡು, ಬಾಗಿಲಿಗೆ ಬಂದು ಅವರಿಗೆ ಕಾಣುವಂತೆ ನಿಂತು ಕುಡಿದಳು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರು ತೀರಿಕೊಂಡ ಮೇಲಿನ ಮೊದಲ ಭೋಜನದ ಭಾನುವಾರ, ನಮ್ಮ ಚರ್ಚಿನಲ್ಲಿ ಸಣ್ಣ ಕಪ್ಪುಗಳ ತಟ್ಟೆ ಹೊರಟಿತು. ರಾಹೇಲವ್ವ ಯಾರೂ ಕರೆಯದೆ ಹಿಂದಿನ ಬೆಂಚಿನಿಂದ ಎದ್ದು ಬಂದು, ಕಟಕಟೆಯ ಹತ್ತಿರ ಮಾವನ ಪಕ್ಕ ಮೊಣಕಾಲೂರಿದಳು. ಹುಡುಗ ಪಾಸ್ಟರ್ ಕಪ್ಪು ಚಾಚಿದಾಗ ತಲೆ ಅಲ್ಲಾಡಿಸಿದಳು.

"ನನಗ ಆ ಪಾತ್ರ್ಯಾಗ ಕೊಡ್ರಿ. ಕೊಡೋತನಕ ಇಲ್ಲೇ ಇರ್ತೀನಿ."

ಹುಡುಗ ಮಾವನ ಮುಖ ನೋಡಿದ. ನಾನು ಹಾರ್ಮೋನಿಯಂ ನಿಲ್ಲಿಸಿ ಹೋಗಿ ರಾಹೇಲವ್ವನ ಪಕ್ಕ ಕೂತೆ. ಹಿಂದಿನಿಂದ ಒಬ್ಬರು ಬಂದರು, ಇನ್ನೊಬ್ಬರು ಬಂದರು. ಮಾವ ಎದ್ದುಹೋದ. ಹುಡುಗ ಕಪಾಟಿನಿಂದ ಪಾತ್ರೆ ತಂದ. ನಾವು ಕುಡಿದೆವು, ರಾಹೇಲವ್ವ ಮೊದಲು.

ಉಳಿದ ರಸ ಹಿಡಿದುಕೊಂಡು ಹುಡುಗ ಗೋಡೆ ಕಡೆ ತಿರುಗಿದ.

"ಈ ಕಡಿ ತಿರುಗಿ ಕುಡೀರಿ ಪಾಸ್ಟರ್ರಿ," ಎಂದಳು ರಾಹೇಲವ್ವ. "ಅವ್ರು ಹಂಗೇ ಕುಡೀತಿದ್ರು."