ಲಾರಿ ಸಾಲಿನ ಪಕ್ಕದ ನಡಿಗೆ

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ಮಗಳು ಇನ್ನೂ ಎರಡನೇ ತರಗತಿಯಲ್ಲಿದ್ದಳು. ಮನೆ ಹೊಸಪೇಟೆಯಲ್ಲಿ, ನಾನು ಪಾಠ ಹೇಳುತ್ತಿದ್ದ ಶಾಲೆ ಸಂಡೂರಿನಲ್ಲಿ. ಗಂಡನಿಗೆ ಗಣಿಯಲ್ಲಿ ಪಾಳಿ ಕೆಲಸ. ಮನೆಗೆ ಬಂದರೆ ಅವರು ಮಲಗುವುದಕ್ಕೆಂದೇ ಬರುತ್ತಿದ್ದರು.

“ಗುಳಿಗಿ ಒಂದ ಸಾಲಂಗಿಲ್ರಿ ಮೇಡಂ. ದಿನಾ ನಡೀಬೇಕು. ಎಷ್ಟ ಕೆಲಸ ಇದ್ರೂ ಟೈಂ ಮಾಡ್ಕೋರಿ,” ಎಂದರು ಡಾಕ್ಟರು.

ಹೂಂ ಎಂದು ಬಂದೆ. ಆದರೆ ಟೈಮನ್ನು ಎಲ್ಲಿಂದ ತರುವುದು? ಬೆಳಗ್ಗೆ ನಳದ ನೀರು ಹಿಡಿದು, ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು, ಓಡೋಡಿ ಬಸ್ಸು ಹಿಡಿಯುತ್ತಿದ್ದೆ. ಸಂಜೆ ಅದೇ ಬಸ್ಸು ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮಗಳು ಪಕ್ಕದ ಮನೆಯ ಅಜ್ಜಿಯ ಹತ್ತಿರ ಕಾಯುತ್ತಿದ್ದಳು. ನಾನು ಸೇರುವ ಹೊತ್ತಿಗೆ ಎಷ್ಟೋ ಸಲ ಅಲ್ಲೇ ಉಂಡು ಮಲಗಿರುತ್ತಿದ್ದಳು.

ಒಂದು ಸಂಜೆ ಬಸ್ಸು ನಿಂತಲ್ಲೇ ನಿಂತಿತ್ತು. ಸುಮ್ಮನೆ ಕೂತು ಕಾಯುವ ಬದಲು ಇಳಿದು ನಡೆದರೇನು ಅನ್ನಿಸಿತು. ಎದ್ದೆ.

“ಎಲ್ಲಿಗ್ರಿ ಮೇಡಂ? ಧೂಳು ಭಾಳ ಐತಿ, ಕುಂದ್ರಿ,” ಎಂದ ಕಂಡಕ್ಟರ್.

“ಹಿಂಗ ಮುಂದಕ್ಕ ನಡಕೊಂತ ಹೋಗಿರ್ತೀನಿ. ಬಸ್ಸು ಬಂದಾಗ ಹತ್ತಿಸ್ಕೋರಿ.”

ಅಂದಿನಿಂದ ಅದೇ ನನ್ನ ವ್ಯಾಯಾಮವಾಯಿತು. ಸೆರಗನ್ನು ಮೂಗಿಗೆ ಸುತ್ತಿಕೊಂಡು, ನಿಂತ ಲಾರಿಗಳ ಪಕ್ಕದಲ್ಲಿ ನಡೆಯುತ್ತಿದ್ದೆ. ಡ್ರೈವರುಗಳು ಮೊದಮೊದಲು ನಕ್ಕರು, ಆಮೇಲೆ ಸರಿದು ದಾರಿ ಬಿಟ್ಟರು. ಯಾರಿಗೂ ಬೇಡವಾದ ಆ ಹೊತ್ತು ನನ್ನದೊಬ್ಬಳದೇ ಅನ್ನಿಸಿ ಹಿಗ್ಗಾಗುತ್ತಿತ್ತು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಅದಿರಿನ ಧೂಳಿಗೆ ಬಚ್ಚಲೆಲ್ಲ ಕೆಂಪು.

ಸಕ್ಕರೆ ಸ್ವಲ್ಪ ಇಳಿಯಿತು. ಆದರೆ ಕೆಮ್ಮು ಹತ್ತಿಕೊಂಡಿತು. ಪಾಠದ ನಡುವೆ ಮಾತು ನಿಲ್ಲುತ್ತಿತ್ತು, ಮಕ್ಕಳು ನೀರು ತಂದುಕೊಡುತ್ತಿದ್ದರು. ಎಕ್ಸ್‌ರೇ ನೋಡಿದ ಡಾಕ್ಟರು, ಎಲ್ಲಿ ನಡೆಯುತ್ತೀರಿ ಎಂದು ಕೇಳಿದರು. ಹೇಳಿದೆ.

“ಆ ರಸ್ತ್ಯಾಗೇನ್ರಿ? ಬ್ಯಾಡ್ರಿ ಮೇಡಂ. ಅಲ್ಲಿ ನಡಿಯೂದಕ್ಕಿಂತ ನಡೀದಿರೂದ ಛಲೋ.”

“ಮತ್ತ ಎಲ್ಲಿ ನಡೀಲಿ ಸರ್?”

ಅವರು ಔಷಧಿ ಬರೆಯತೊಡಗಿದರು. ಮರುದಿನದಿಂದ ಮತ್ತೆ ಬಸ್ಸಿನೊಳಗೇ ಕೂತೆ. ಕಂಡಕ್ಟರ್ ನನ್ನತ್ತ ನೋಡಿ ಮುಂದಿನ ಸೀಟಿಗೆ ಹೋದ. ಕಿಟಕಿಯಾಚೆಯ ರಸ್ತೆಯ ಅಂಚನ್ನು ನೋಡುತ್ತಾ ಅತ್ತುಬಿಟ್ಟೆ.

ಒಂದು ಭಾನುವಾರ ಗಂಡನಿಗೆ ರಜೆ ಸಿಕ್ಕಿತು. ಹಂಪಿಗೆ ಹೋದೆವು. ಅವರು ಮರದ ನೆರಳಲ್ಲಿ ಟವೆಲ್ ಹಾಸಿ ನಿದ್ದೆಹೋದರು. ಮಗಳು ಗುಡ್ಡ ಹತ್ತೋಣವೆಂದು ನನ್ನ ಕೈಹಿಡಿದು ಎಳೆದಳು. ಅರ್ಧ ದಾರಿಗೂ ಮುಂಚೆ ಉಸಿರು ಕಟ್ಟಿತು. ಬಂಡೆಯ ಮೇಲೆ ಕೂತೆ.

“ನೀ ಹೋಗಿ ನೋಡ್ಕೊಂಡು ಬಾ. ಮ್ಯಾಲಿಂದ ಹೊಳಿ ಕಾಣಸ್ತದ,” ಎಂದೆ.

ಅವಳು ಮೇಲಕ್ಕೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಪಕ್ಕದಲ್ಲಿ ಬಂದು ಕೂತಳು.

“ಬ್ಯಾಡ ಬಿಡಮ್ಮ. ನೀ ಒಬ್ಬಾಕಿನ ಕುಂದರ್ತಿ.”

ಎಷ್ಟು ಹೇಳಿದರೂ ಹೋಗಲಿಲ್ಲ. ಬೇರೆ ಮಕ್ಕಳು ನಮ್ಮನ್ನು ದಾಟಿ ಕೂಗುತ್ತಾ ಮೇಲಕ್ಕೆ ಓಡಿದರು. ಅವಳು ಮುದುಕಿಯ ಹಾಗೆ ಮೊಣಕಾಲು ಅಪ್ಪಿಕೊಂಡು ಅವರನ್ನೇ ನೋಡುತ್ತಿದ್ದಳು.

ನಡಿಗೆ ನಿಂತ ಮೇಲೆ ಸಕ್ಕರೆ ಮತ್ತೆ ಏರಿತು, ಡಾಕ್ಟರು ಇನ್ಸುಲಿನ್ ಬರೆದರು. ಅದಕ್ಕೆ ಬೇರೆ ಸಮಯವೇನೂ ಬೇಕಾಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಬೇಯುವಷ್ಟರಲ್ಲಿ ಚುಚ್ಚಿಕೊಳ್ಳುತ್ತಿದ್ದೆ.