ಹೊಲಿದ ನಿಲುವಂಗಿಗಳ ಪುಡಿ

ಅಕ್ಕನಿಗೆ ಆ ಆಟ ಕಲಿಸಿದವಳು ನಾನೇ. ಹಾಗಾಗಿ ಬೇರೆ ಯಾರನ್ನೂ ಬೈಯುವ ಹಕ್ಕು ನನಗಿಲ್ಲ. ಆದರೂ ಬೈದಿದ್ದೇನೆ, ಈಗಲೂ ಒಳಗೊಳಗೇ ಬೈಯುತ್ತಿರುತ್ತೇನೆ.

ನನ್ನದು ಮೂಡಲಗಿಯಲ್ಲಿ ಒಂದು ಝರಾಕ್ಸ್ ಅಂಗಡಿ. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಫೋಟೋ ಪ್ರಿಂಟ್ ಹಾಕುವುದು, ಇಷ್ಟೇ ವ್ಯಾಪಾರ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೊಣ ಕೂಡ ಒಳಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಒಂದು ಆನ್‌ಲೈನ್ ಆಟ ಆಡುತ್ತೇನೆ. ಕೋಟೆ, ಕಾಡು, ರಾಕ್ಷಸರು, ಮಾಂತ್ರಿಕರು ಎಲ್ಲ ಇರುವ ಆಟ. ನಲವತ್ತು ದಾಟಿದ ಹೆಂಗಸು ಇದನ್ನೆಲ್ಲ ಆಡುತ್ತಾಳೆಂದು ಪಕ್ಕದ ಅಂಗಡಿಯವರು ನಗುತ್ತಾರೆ. ಅವರು ದಿನವಿಡೀ ಫೋನಿನಲ್ಲಿ ಕಂಡವರ ಕುಣಿತ ನೋಡುವುದಕ್ಕೆ ನಾನೇನೂ ನಕ್ಕಿಲ್ಲ.

ಅಕ್ಕ ಇರುವುದು ಹುಕ್ಕೇರಿಯಲ್ಲಿ. ಇಪ್ಪತ್ತೈದು ವರ್ಷ ಹೆಂಗಸರ ಸೀರೆಗೆ ಜಂಪರ ಹೊಲಿದವಳು. ಅವಳ ಓಣಿಯ ಹೆಂಗಸರು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಅಳತೆಯ ಜಂಪರವನ್ನು ಬಸ್ಸಿನವರ ಕೈಯಲ್ಲಿ ಕಳಿಸಿ ಅವಳಿಂದಲೇ ಹೊಲಿಸಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನ ಕೀಲು ಸವೆಯಿತು. ಕತ್ತರಿ ಹಿಡಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಕತ್ತರಿ ಬಿಡಿ ಎಂದರು ಡಾಕ್ಟರು, ಬಿಟ್ಟಳು. ಹೊಲಿಗೆ ಮಶೀನಿಗೆ ಹಳೆ ಸೀರೆ ಹೊದಿಸಿ ಮೂಲೆಗೆ ಸರಿಸಿದಳು. ಆಮೇಲೆ ಮಾತೂ ಕಡಿಮೆಯಾಯಿತು. ನಾನು ಫೋನ್ ಮಾಡಿದರೆ "ಹೂಂ, ಆರಾಮ ಅದೇನಿ" ಎಂದು ಇಟ್ಟುಬಿಡುವಳು. ನಮ್ಮಿಬ್ಬರ ನಡುವೆ ಅಷ್ಟು ಸಣ್ಣ ಮಾತು ಎಂದೂ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಅವಳ ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಹಳೆ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಒಂದು ಭಾನುವಾರ ಹೋಗಿ ಅದರಲ್ಲಿ ಆಟ ಹಾಕಿ, ಅವಳ ಹೆಸರಲ್ಲಿ ಖಾತೆ ತೆರೆದು, ಪಾಸ್‌ವರ್ಡನ್ನೂ ನಾನೇ ಇಟ್ಟು ಕೊಟ್ಟು ಬಂದೆ. ಮೌಸ್ ಒತ್ತಲು ಹೆಬ್ಬೆರಳು ಬೇಕಿಲ್ಲವಲ್ಲ. ಮೊದಲ ತಿಂಗಳು ಪುಕ್ಕಟೆ. ಎರಡನೆಯ ತಿಂಗಳಿನಿಂದ ಹಣ ಕಟ್ಟಬೇಕು, ಇಲ್ಲವೇ ಆಟದೊಳಗೇ ಗಳಿಸಿದ ಚಿನ್ನ ಕೊಟ್ಟು ಒಂದು ತಿಂಗಳ ಚೀಟಿ ಕೊಳ್ಳಬೇಕು. ಭಾವ ಮೊದಲೇ ಕೈ ಎತ್ತಿಬಿಟ್ಟರು. ನಾನು ಕಟ್ಟುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ.

"ತಂಗಿ ರೊಕ್ಕದಾಗ ಆಟ ಆಡೂದಾದ್ರ ನನಗ ಬ್ಯಾಡ. ದುಡದ ಆಡ್ತೇನಿ."

ದುಡಿದು ತಿನ್ನಬೇಕು ಎಂದು ನಮ್ಮ ಮನೆಯಲ್ಲಿ ಹೇಳಿ ಹೇಳಿಯೇ ಬೆಳೆಸಿದ್ದು. ಅದು ರಾಕ್ಷಸರ ಲೋಕಕ್ಕೂ ಅನ್ವಯಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸರಿ, ದುಡಿಯಲಿ ಎಂದು ದಾರಿ ಹಾಕಿಕೊಟ್ಟೆ.

ಆ ಆಟದಲ್ಲಿ ಒಬ್ಬರು ಎರಡು ಕಸುಬು ಕಲಿಯಬಹುದು. ಒಂದನ್ನೇ ಹಿಡಿದು ಕೂತರೆ ಗಂಜಿಗೂ ಗತಿಯಿಲ್ಲ. ಒಂದಕ್ಕೊಂದು ಜೋಡಿಸಿದರೆ ಮಾತ್ರ ಚಿನ್ನ. ನಾನು ಗಿಡಮೂಲಿಕೆ ಕಿತ್ತು ಔಷಧ ಕಾಯಿಸುವವಳು. ಅಕ್ಕನಿಗೆ ಹೊಲಿಗೆ, ಅದರ ಜೊತೆಗೆ ಮಂತ್ರವಿದ್ಯೆ ಕಲಿಸಿದೆ. ನಾನು ರಾಕ್ಷಸರನ್ನು ಕೊಂದು, ಸಿಕ್ಕ ಬಟ್ಟೆಯನ್ನು ಆಟದೊಳಗಿನ ಟಪಾಲಿನಲ್ಲಿ ಅವಳಿಗೆ ಕಳಿಸಬೇಕು. ಅವಳು ನಿಲುವಂಗಿ ಹೊಲಿಯಬೇಕು. ಹೊಲಿದದ್ದನ್ನು ಮಂತ್ರವಿದ್ಯೆಯಿಂದ ಮುರಿದು ಹೊಳೆಯುವ ಪುಡಿ ಮಾಡಬೇಕು. ಅಂಥ ನಿಲುವಂಗಿಯನ್ನು ಪೇಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಪುಡಿಗೆ ಮಾತ್ರ ಕಿತ್ತಾಟ, ಏಕೆಂದರೆ ಕತ್ತಿ ಕಠಾರಿಗಳಿಗೆ ಶಕ್ತಿ ತುಂಬಲು ಎಲ್ಲರಿಗೂ ಅದು ಬೇಕು. ತಿಂಗಳಿಗೆ ಒಂದು ಚೀಟಿ ಏನು, ಎರಡು ಕೊಳ್ಳುವಷ್ಟು ಚಿನ್ನ ಬರುವ ಯೋಜನೆ ಅದು.

ಹೊಲಿಗೆಯನ್ನು ಅವಳು ಎರಡೇ ದಿನದಲ್ಲಿ ಕಲಿತಳು. ಅದರಲ್ಲಿ ಕಲಿಯುವುದಾದರೂ ಏನಿದೆ, ಒಂದು ಗುಂಡಿ ಒತ್ತಿದರೆ ಆಟದ ಬೊಂಬೆಯ ಬೆರಳುಗಳು ಗಾಳಿಯಲ್ಲಿ ಆಡುತ್ತವೆ, ನಿಲುವಂಗಿ ಸಿದ್ಧ. ಹೊಲಿದ ಬಟ್ಟೆಯ ಮೇಲೆ ಮೌಸ್ ಇಟ್ಟರೆ ಹೊಲಿದವರ ಹೆಸರು ಕಾಣಿಸುತ್ತದೆ. ಅದನ್ನು ಕಂಡ ದಿನ ಅವಳೇ ನನಗೆ ಫೋನ್ ಮಾಡಿದಳು. ಇಪ್ಪತ್ತೈದು ವರ್ಷ ಹೊಲಿದರೂ ಒಂದು ಜಂಪರದ ಮೇಲೂ ತನ್ನ ಹೆಸರು ಇರಲಿಲ್ಲ ಎಂದಳು. ಮಾತು ಅರ್ಧ ಗಂಟೆ ನಡೆಯಿತು. ನಾನು ಗೆದ್ದೆ ಅಂದುಕೊಂಡೆ.

ಪುಡಿ ಮಾಡುವ ಮಾತು ಬಂದಾಗ ಅಕ್ಕ ಮೊಂಡು ಹಿಡಿದಳು.

"ಹೊಲದದ್ದನ್ನ ಪುಡಿ ಮಾಡೂದಂದ್ರ ಏನವಾ?"

"ಅಕ್ಕಾ, ಅದು ಖರೆ ಅರಿಬಿ ಅಲ್ಲ."

"ಹೊಲಿಗಿ ಬಿಚ್ಚೂದು ಗೊತ್ತೈತಿ ನನಗ. ಅರಿಬಿ ಪುಡಿ ಮಾಡೂದು ಗೊತ್ತಿಲ್ಲ."

ಖರೆಯೇ. ತೋಳು ಬಿಗಿಯಾಯಿತು ಎಂದು ಯಾರಾದರೂ ಜಂಪರ ವಾಪಸ್ಸು ತಂದರೆ ಅವಳು ಬ್ಲೇಡಿನಿಂದ ಒಂದೊಂದೇ ದಾರ ಎಬ್ಬಿಸಿ ಬಿಚ್ಚುತ್ತಿದ್ದಳು, ಬಟ್ಟೆಗೆ ಗೀರು ಬೀಳುತ್ತಿರಲಿಲ್ಲ. ಅದನ್ನು ನಾನು ನೋಡಿಯೇ ಇದ್ದೆ. ಆದರೆ ಇಲ್ಲಿ ತಿಂಗಳು ಓಡುತ್ತಿತ್ತು. ಪರದೆಯ ಮೂಲೆಯಲ್ಲಿ ಉಳಿದ ದಿನಗಳ ಸಂಖ್ಯೆ ದಿನಕ್ಕೊಂದರಂತೆ ಇಳಿಯುತ್ತಿತ್ತು, ಅಕ್ಕ ನಿಲುವಂಗಿಗಳನ್ನು ಬಣ್ಣದ ಪ್ರಕಾರ ಆಟದ ಬ್ಯಾಂಕಿನಲ್ಲಿ ಜೋಡಿಸಿಡುತ್ತ ಕೂತಿದ್ದಳು. ಅದೂ ಸಾಲದು ಎಂಬಂತೆ ದಾನ ಬೇರೆ. ಪೇಟೆ ಚೌಕದಲ್ಲಿ ಹೊಸದಾಗಿ ಬಂದ ಹೆಣ್ಣು ವೇಷದವರು ಯಾರಾದರೂ ಅವಳ ಪಕ್ಕ ನಿಂತರೆ ಸಾಕು, ಒಂದು ನಿಲುವಂಗಿ ಕೊಟ್ಟುಬಿಡುವಳು.

"ಬಾಜೂಕ ಬಂದ ನಿಂತ ಹೆಣ್ಮಗಳನ್ನ ಬರಿಗೈಲೆ ಹೆಂಗ ಕಳಸೂದು?"

"ಆಕಿ ಹೆಣ್ಮಗಳೂ ಅಲ್ಲ. ಎಲ್ಲೋ ಒಬ್ಬ ಗಡ್ಡದಾಂವ ಕುಂತ ಆಡಾಕತ್ತಾನ."

"ಗಡ್ಡ ಇದ್ರ ಏನಾತು, ಮೈಮ್ಯಾಲ ಹರಕ ಅರಿಬಿ ಐತಲ್ಲ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ಹಾಗೆ ಅವಳಿಗೆ ಆಟವೂ ಬೇಕು, ಕೊಡುವ ಕೈಯೂ ಬೇಕು. ಒಮ್ಮೆ ಅವಳಿಂದ ನಿಲುವಂಗಿ ಪಡೆದವನು ಎರಡು ಹೆಜ್ಜೆ ಆಚೆ ಹೋಗಿ, ನನ್ನ ಕಣ್ಣೆದುರಿಗೇ ಅದನ್ನು ಮುರಿದು ಪುಡಿ ಮಾಡಿದ. ನಾವು ಗಳಿಸಬೇಕಾದ ಚಿನ್ನ ಅವನ ಪಾಲಾಯಿತು. ಸಿಟ್ಟಿನಲ್ಲಿ ಅಕ್ಕನಿಗೆ ಹೇಳಿದೆ. "ಅದು ಅವನ ಕರ್ಮ. ನಾ ಹೊಲದದ್ದ ಕೊಟ್ಟೇನಿ" ಎಂದಳು. ಅವಳ ದನಿಯಲ್ಲಿ ಬೇಸರ ಕೂಡ ಇರಲಿಲ್ಲ. ಬೇಸರವೆಲ್ಲ ನನ್ನ ಪಾಲಿಗೇ ಬಂದಿತ್ತು.

ತಿಂಗಳ ಕೊನೆಯ ದಿನ ಬಂತು. ಅವಳ ಬಳಿ ಇದ್ದ ಚಿನ್ನ ಚೀಟಿಯ ಕಾಲು ಭಾಗಕ್ಕೂ ಸಾಲದು. ಅವಳು ಅವತ್ತು ಯಮಕನಮರಡಿಗೆ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದಳು. ನಾನು ಮಧ್ಯಾಹ್ನ ಎರಡಕ್ಕೆ ಅಂಗಡಿಯ ಶಟರ್ ಅರ್ಧಕ್ಕೆ ಎಳೆದು ಕೂತೆ. ಮಾರನೆಯ ದಿನ ಖಾತೆ ಮುಚ್ಚಿದರೆ ಅಕ್ಕ ಮತ್ತೆ "ಆರಾಮ ಅದೇನಿ"ಗೆ ಹೋಗುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ಪಾಸ್‌ವರ್ಡ್ ನನಗೆ ಗೊತ್ತಿತ್ತು. ಅವಳ ಖಾತೆಯೊಳಗೆ ಹೋದೆ.

ಬ್ಯಾಂಕಿನಲ್ಲಿ ಮೂವತ್ತೆಂಟು ನಿಲುವಂಗಿಗಳಿದ್ದವು. ಹಳದಿ, ಹಸಿರು, ನೀಲಿ, ಅಂಗಡಿಯ ಕಪಾಟಿನಲ್ಲಿ ಇಟ್ಟಂತೆ. ಒಂದೊಂದನ್ನು ಮುರಿಯುವಾಗಲೂ ಆಟ ಕೇಳುತ್ತದೆ, ಇದು ಮರಳಿ ಬರುವುದಿಲ್ಲ, ಮುರಿಯಲೇ ಎಂದು. ಮೂವತ್ತೆಂಟು ಸಲ ಕೇಳಿತು, ಮೂವತ್ತೆಂಟು ಸಲ ಹೌದು ಎಂದೆ. ನಡುವೆ ಒಮ್ಮೆ ಕರೆಂಟು ಹೋಗಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಆಗಲಾದರೂ ಬುದ್ಧಿ ಬರಬಹುದಿತ್ತು. ಕರೆಂಟು ಬಂದದ್ದೇ ಮತ್ತೆ ಶುರು ಮಾಡಿದೆ. ಪುಡಿ ಚೆನ್ನಾಗಿ ಮಾರಾಟವಾಯಿತು, ಚೀಟಿ ಕೊಂಡು ಅವಳ ಖಾತೆಗೆ ಒಂದು ತಿಂಗಳು ತುಂಬಿದೆ. ಎಷ್ಟು ಬಲ್ಲವಳು ನಾನು ಎಂದು ನನಗೆ ನಾನೇ ಒಂದು ಚಹಾ ತರಿಸಿಕೊಂಡು ಕುಡಿದೆ.

ಮರುದಿನ ಎರಡಕ್ಕೆ ಅವಳು ಆಟದೊಳಗೆ ಬಂದಳು. ನೇರ ಬ್ಯಾಂಕಿಗೆ ಹೋಗಿ ನಿಂತಳು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಹತ್ತು ನಿಮಿಷವಾದರೂ ಅಲ್ಲಾಡಲಿಲ್ಲ. ಆಮೇಲೆ ಫೋನ್ ಬಂತು.

"ಇಲ್ಲಿ ಇದ್ದುವಲ್ಲ, ಎಲ್ಲಿ ಹೋದುವು?"

"ಪುಡಿ ಮಾಡಿದ್ನಿ. ಅದಕ್ಕ ಚೀಟಿ ಬಂತು. ಒಂದ ತಿಂಗಳ ಚಿಂತಿಲ್ಲ ಈಗ."

"ಎಲ್ಲಾನೂ?"

"ಎಲ್ಲಾನೂ."

"ನನ್ನ ಕೇಳಬೇಕಿತ್ತ."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಹೌದ. ಬ್ಯಾಡ ಅಂತಿದ್ನಿ."

ಅಷ್ಟೇ. ಜಗಳವಾಡಿದ್ದರೆ ನನಗೆ ಅನುಕೂಲವಿತ್ತು, ನನ್ನ ಬಾಯಿ ಅದಕ್ಕೆ ಸಿದ್ಧವಾಗಿಯೇ ಇತ್ತು. ನಿನಗಾಗಿಯೇ ಮಾಡಿದೆ, ನಿನ್ನ ಹಟಕ್ಕೆ ಬೇರೆ ದಾರಿ ಇರಲಿಲ್ಲ, ಎಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವಳು ಅವಕಾಶವನ್ನೇ ಕೊಡಲಿಲ್ಲ. ಫೋನ್ ಇಟ್ಟಳು, ಆಟದಿಂದಲೂ ಹೋದಳು.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಬಟ್ಟೆ ಕಳಿಸುತ್ತಲೇ ಇದ್ದೆ, ಟಪಾಲಿನಲ್ಲಿ ಗಂಟುಗಳು ಬಿಚ್ಚದೆ ಬಿದ್ದಿದ್ದವು. ನನಗೆ ಕೆಟ್ಟ ಸಿಟ್ಟು. ಅವಳಿಗೆಂದು ಕೊಂಡ ದಿನಗಳು ಒಂದೊಂದಾಗಿ ಹಾಳಾಗುತ್ತಿದ್ದವು, ಅವುಗಳನ್ನು ಕೊಳ್ಳಲು ನಾನು ಹಾಳು ಮಾಡಿದ್ದನ್ನು ನೆನೆದರೆ ಸಿಟ್ಟು ತಿರುಗಿ ನನ್ನ ಮೇಲೇ ಬರುತ್ತಿತ್ತು. ಮೂಲೆಯಲ್ಲಿದ್ದ ಅವಳ ಹೊಲಿಗೆ ಮಶೀನನ್ನೇ ಎತ್ತಿ ಗುಜರಿಗೆ ಹಾಕಿ, ಆ ದುಡ್ಡಿನಲ್ಲಿ ಅವಳಿಗೆ ಸೀರೆ ಕೊಡಿಸಿದಂತಾಗಿತ್ತು ನನ್ನ ಕೆಲಸ. ಇದು ನನಗೆ ಹೊಳೆದದ್ದು ಹದಿನೈದು ದಿನ ಕಳೆದ ಮೇಲೆ, ಯಾರದೋ ಪಹಣಿ ಪ್ರಿಂಟ್ ಹಾಕುವಾಗ. ಪ್ರಿಂಟೂ ತಪ್ಪು ಹಾಕಿದೆ.

ಆ ತಿಂಗಳು ಮುಗಿಯಲು ಒಂದು ದಿನ ಇರುವಾಗ ಗೋಕಾಕದಲ್ಲಿ ಕಾಕಾನ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಇಬ್ಬರೂ ಹೋಗಿದ್ದೆವು. ಹಿತ್ತಲಿನ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಅವಳು ಎಡಗೈಯಿಂದ ಸುಲಿಯುತ್ತಿದ್ದಳು, ನಿಧಾನವಾಗಿ. ಮಗುವಿನ ಮೂಗು ಯಾರಂತೆ ಎಂಬುದರಿಂದ ಹಿಡಿದು ಬಸ್ಸಿನ ಗದ್ದಲದವರೆಗೆ ಎಲ್ಲ ಮಾತಾಡಿದಳು, ಅದೊಂದನ್ನು ಬಿಟ್ಟು. ಔಷಧ ಮಾರಿ ಮಾರಿ ನನ್ನ ಬಳಿ ಇನ್ನೊಂದು ಚೀಟಿಯಷ್ಟು ಚಿನ್ನ ಕೂಡಿತ್ತು. ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕಾ, ನಾಳಿಗಿ ನಿನ್ನ ತಿಂಗಳ ಮುಗೀತೈತಿ. ಇನ್ನೊಂದ ಚೀಟಿ ತುಂಬ್ಲೇನ? ಕೇಳಾಕತ್ತೇನಿ."

ಅವಳು ಮಡಿಲಿನ ಸಿಪ್ಪೆ ಕೊಡವಿ ನನ್ನ ಮುಖ ನೋಡಿದಳು.

"ಬ್ಯಾಡ."

ತಪ್ಪಾಯಿತು ಎಂದೆ. ಆಯಿತು ಎಂಬಂತೆ ತಲೆಯಾಡಿಸಿ, ನನ್ನ ಮುಂದಿದ್ದ ಗಡ್ಡೆಗಳಲ್ಲಿ ನಾಲ್ಕನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ನಿರ್ಧಾರ ಮಾತ್ರ ಬದಲಾಗಲಿಲ್ಲ.

ಮರುದಿನ ಮಧ್ಯಾಹ್ನ ಎರಡಕ್ಕೆ ನಾನು ಅಂಗಡಿಯಲ್ಲಿದ್ದೆ. ಚಿನ್ನವಿತ್ತು, ಪಾಸ್‌ವರ್ಡೂ ಅದೇ ಇತ್ತು, ಅವಳು ಬದಲಿಸಿರಲಿಲ್ಲ. ಸುಮಾರು ಎರಡು ತಾಸು ಕೈ ಕಟ್ಟಿಕೊಂಡು ಕೂತೆ. ನಾಲ್ಕಕ್ಕೆ ಸ್ವಲ್ಪ ಮೊದಲು ಅವಳ ಖಾತೆ ಮುಚ್ಚಿತು.